ನಾಲ್ಕು ವರ್ಷದ ಅಳತೆ

ನಗಬೇಕು ಎಂದು ನೆನಪಾದಾಗ ಅವಳು ನಕ್ಕಳು. ಬುದ್ಧನ ಗುಡಿಯ ಮೆಟ್ಟಿಲ ಮೇಲೆ ಮಕ್ಕಳಿಬ್ಬರೂ ಒಂದೇ ಚೀಲದ ಎರಡು ಹಿಡಿಗಳನ್ನು ಹಿಡಿದು ಜಗ್ಗಾಡುತ್ತಿದ್ದರು. ಬೇರೆ ಯಾವ ದಿನವಾಗಿದ್ದರೂ ಇಷ್ಟು ಹೊತ್ತಿಗೆ ಇಬ್ಬರ ಬೆನ್ನಿಗೂ ಒಂದೊಂದು ಬಿದ್ದು ಜಗಳ ಇತ್ಯರ್ಥವಾಗಿರುತ್ತಿತ್ತು. ಆದರೆ ಮೇಲಿನ ಮೆಟ್ಟಿಲಲ್ಲಿ ಮೇಡಂ ಕೊಡೆ ಬಿಚ್ಚಿಕೊಂಡು ನಿಂತಿದ್ದರು. ಅವರು ನೋಡುತ್ತಿದ್ದಾರೆಂಬುದು ಅವರತ್ತ ತಿರುಗದೆಯೇ ಅವಳಿಗೆ ತಿಳಿಯುತ್ತಿತ್ತು. ಈ ಊರಿಗೆ ಬಂದಂದಿನಿಂದ ಸಂಜೆಯ ಹೊತ್ತಿಗೆ ಅವಳ ಕೆನ್ನೆಗಳು ನೋಯುತ್ತಿದ್ದವು. "ವಕೀಲರೇ, ತಂಗಿಗೂ ಸ್ವಲ್ಪ ಹೊತ್ತು ಕೊಡಿ," ಎಂದಳು, ತನಗೇ ಅಪರಿಚಿತವಾದ ಮೆತ್ತಗಿನ ದನಿಯಲ್ಲಿ. ಮಗನಿಗೆ ಅನುಮಾನ ಬಂದಿರಬೇಕು. ಚೀಲ ಬಿಡದೆ ಅಮ್ಮನ ಮುಖ ನೋಡಿದ. "ನೀನ್ಯಾಕೆ ಹೀಗೆ ಮಾತಾಡ್ತಿದ್ದೀಯ?" ಎಂದು ಕೇಳಿದ. ಏಳು ವರ್ಷದವನು, ಎಲ್ಲದಕ್ಕೂ ಸಾಕ್ಷಿ, ಪುರಾವೆ ಕೇಳುತ್ತಾನೆಂದು ಮನೆಯಲ್ಲಿ ವಕೀಲ ಎಂದೇ ಹೆಸರು. ಅವನಿಗಿಂತ ಎರಡು ವರ್ಷ ಚಿಕ್ಕವಳು ಪಿಟೀಲು. ಅಳು ಶುರುವಾದರೆ ಒಂದೇ ತಂತಿಯ ಮೇಲೆ ಬಹಳ ಹೊತ್ತು ನಡೆಯುತ್ತಿತ್ತು.

ಮೇಡಂ ಕೂಡ ಇವರದೇ ಭಾಷೆಯವರು. ಮದುವೆಯಾಗಿ ಈ ಊರಿಗೆ ಬಂದು ಇಲ್ಲಿಯವರೇ ಆಗಿಹೋಗಿದ್ದರು. ದತ್ತು ಕೊಡುವ ಕಚೇರಿಯ ಪರವಾಗಿ, ಮಗು ಕೈಗೆ ಬರುವ ತನಕ ದೂರದಿಂದ ಬಂದವರನ್ನು ಊರು ಸುತ್ತಾಡಿಸುವುದು ಅವರ ಕೆಲಸ. ಮಾರುಕಟ್ಟೆ, ಉದ್ಯಾನ, ಇವತ್ತು ಗುಡಿ. ಅವರು ಸುತ್ತಾಡಿಸುವುದಿಲ್ಲ, ನೋಡುತ್ತಾರೆ ಎಂದು ಹಿಂದೆ ಬಂದು ಹೋಗಿದ್ದ ಹೆಂಗಸೊಬ್ಬಳು ಫೋನಿನಲ್ಲಿ ಎಚ್ಚರಿಸಿದ್ದಳು. ಕೊಡಬಹುದು ಎಂದು ಅವರು ಅಂದರೆ ಮಗು ಸಿಗುತ್ತದೆ, ಇನ್ನೂ ಸ್ವಲ್ಪ ಕಾಯಲಿ ಅಂದರೆ ಹಾಗೆಯೇ ವಾಪಸು. ನಾಳೆ ಬೆಳಿಗ್ಗೆ ಮಗು ಬರಬೇಕಿತ್ತು. ಅಂದರೆ ಇವತ್ತಿನ ಒಂದು ದಿನ ನಗುತ್ತಿದ್ದರೆ ಸಾಕು. ಪಕ್ಕದಲ್ಲಿ ಗಂಡ, ಯಾರಿಗೋ ಭುಜ ತಗುಲಿತೆಂದು ಈ ದೇಶದ ಭಾಷೆಯಲ್ಲಿ ಕ್ಷಮೆ ಕೇಳುತ್ತಿದ್ದ. ಅವನು ಕಲಿತದ್ದು ಅದೊಂದೇ ಮಾತು. ತಮ್ಮ ಊರಿನಲ್ಲಿ ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಕೂತು ದಿನವಿಡೀ ಫೋನಿನಲ್ಲಿ ತನ್ನದಲ್ಲದ ತಪ್ಪಿಗೆ ಕ್ಷಮೆ ಕೇಳುವವನಿಗೆ ಇಲ್ಲಿಯೂ ರಜೆ ಸಿಕ್ಕಿರಲಿಲ್ಲ. ಅವನ ಆ ಒಳ್ಳೆಯತನ ಮೇಡಂಗೆ ಹಿಡಿಸಿತ್ತು. ತನ್ನ ಬಗ್ಗೆ ಅವರಿಗೇನು ಅನ್ನಿಸಿದೆಯೋ ಅವಳಿಗೆ ತಿಳಿಯುತ್ತಿರಲಿಲ್ಲ.

ಒಳಗೆ ತಣ್ಣಗಿತ್ತು. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಕಂಡದ್ದು ದೀಪಗಳ ಸಾಲು ಮಾತ್ರ. ಆಮೇಲೆ ಮೊಣಕಾಲು, ತೊಡೆಯ ಮೇಲೆ ಇಟ್ಟ ಕೈ, ಕೊನೆಗೆ ಮುಖ. ಕಲ್ಲಿನ ಆ ಬೃಹತ್ ಮೈಯನ್ನು ನೋಡುತ್ತ ಅವಳು ಮಾಡಿದ ಮೊದಲ ಕೆಲಸವೆಂದರೆ ಹೊಲಿಗೆ ಹುಡುಕಿದ್ದು. ಎಡಭುಜದಿಂದ ಇಳಿದ ಬಟ್ಟೆ ಎಲ್ಲೂ ಜೋಡಣೆಯಿಲ್ಲದೆ ನೆರಿಗೆ ನೆರಿಗೆಯಾಗಿ ಮೈಗೆ ಅಂಟಿಕೊಂಡು ಪಾದದ ತನಕ ಬಂದಿತ್ತು. ಕತ್ತರಿಸದೆ, ಹೊಲಿಯದೆ, ಅಳತೆ ತೆಗೆಯದೆ ಹೀಗೆ ಮೈಗೊಪ್ಪುವ ಬಟ್ಟೆಯನ್ನು ಅವಳು ನಂಬಲಾರಳು. ಮಕ್ಕಳ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ರಟ್ಟಿನ ನಮೂನೆ ಕತ್ತರಿಸುವುದು ಅವಳ ಕಸುಬು. ಎರಡು ವರ್ಷದ ಮಗು, ನಾಲ್ಕು ವರ್ಷದ ಮಗು, ಆರು ವರ್ಷದ ಮಗು ಎಂದು ಬೆನ್ನು, ತೋಳು, ಕೊರಳಪಟ್ಟಿಗಳಾಗಿ ಆ ರಟ್ಟುಗಳು ಗೋಡೆಯ ಮೊಳೆಗಳಿಗೆ ನೇತುಬಿದ್ದಿರುತ್ತಿದ್ದವು. ಅಂಥ ಮಗು ಯಾವ ಮನೆಯಲ್ಲೂ ಇಲ್ಲ, ಎಲ್ಲ ಅಂಗಡಿಯಲ್ಲೂ ಇದೆ. ಅಲ್ಲೇ ಒಂದು ಮಧ್ಯಾಹ್ನ, ಮೇಜಿನ ಮೇಲೆ ಬಟ್ಟೆ ಹಾಸುತ್ತಿದ್ದಾಗ, ಬಸುರಿಗೆ ಬಯಕೆ ಹುಟ್ಟುವ ಹಾಗೆ, ಹಿಂದುಮುಂದಿಲ್ಲದೆ ಅವಳಿಗೆ ಇನ್ನೊಂದು ಮಗು ಬೇಕೆನ್ನಿಸಿತ್ತು. ಹೆರುವುದಲ್ಲ. ಎಲ್ಲೋ ಆಗಲೇ ಹುಟ್ಟಿರುವ, ಯಾರೂ ಕರೆದೊಯ್ಯದ ಒಂದು ಮಗು. ಎರಡಿದೆಯಲ್ಲಮ್ಮ, ಒಂದು ಗಂಡು ಒಂದು ಹೆಣ್ಣು, ಇನ್ನೊಂದು ಯಾವ ಸಂಪತ್ತಿಗೆ ಎಂದಿದ್ದರು ಅತ್ತೆ. ಎಂಥ ಪುಣ್ಯದ ಕೆಲಸ ಎಂದು ಕಾರ್ಖಾನೆಯ ಮೇಲ್ವಿಚಾರಕ ಎದ್ದು ನಿಂತು ಕೈಮುಗಿದಿದ್ದ. ಎರಡೂ ಅವಳಿಗೆ ಒಂದೇ ಥರ ಚುಚ್ಚಿದ್ದವು. ಯಾಕೆ ಬೇಕು ಎಂದು ದತ್ತು ಕಚೇರಿಯವರು ಕೇಳಿದಾಗ ಮಾತ್ರ ಒಂದು ಮಗುವಿಗೆ ಮನೆ ಕೊಡುವ ಆಸೆ ಎಂದು ಹೇಳಿ, ಕೇಳಿದವಳ ಕಣ್ಣು ಒದ್ದೆಯಾಗುವುದನ್ನು ನೋಡುತ್ತ ಕೂತಿದ್ದಳು. ಮನೆ ಕೊಡುವುದಂತೆ. ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಂತ ಹುಡುಗಿಯ ಹಾಗೆ ಅವಳಿಗೆ ಬೇಕಾಗಿತ್ತು, ಅಷ್ಟೆ.

ಗೋಡೆಯ ಬದಿಗೆ ಕೂತಿದ್ದ ಮುದುಕಿಯರ ಗುಂಪಿಗೆ ಮೇಡಂ ಈ ದೇಶದ ಭಾಷೆಯಲ್ಲಿ ಏನೋ ಹೇಳಿದರು. ಹೇಳುವಾಗ ಕೈ ತನ್ನತ್ತ ತೋರಿದ್ದನ್ನು ಅವಳು ಕಂಡಳು. ಮುದುಕಿಯರು ಒಬ್ಬೊಬ್ಬರಾಗಿ ಎದ್ದರು. ಒಬ್ಬಳು ತಲೆಬಾಗಿ ಕೈಮುಗಿದಳು. ಇನ್ನೊಬ್ಬಳು ಹತ್ತಿರ ಬಂದು, ಒರಟು ಅಂಗೈಯಲ್ಲಿ ಅವಳ ಕೆನ್ನೆ ಸವರಿ, ಆ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡಳು. ಹಿಂದೆ ಸರಿಯಲೂ ಆಗದೆ, ಮುಂದೆ ಬಾಗಲೂ ಆಗದೆ ಅವಳು ಕಂಬದ ಹಾಗೆ ನಿಂತಳು. "ನೀವು ಬಂದ ಕಾರಣ ಹೇಳಿದೆ," ಎಂದರು ಮೇಡಂ ಪಿಸುದನಿಯಲ್ಲಿ. "ದೊಡ್ಡ ಮನಸ್ಸು ಅಂತಿದ್ದಾರೆ." ಗಂಡ ಗಡಿಬಿಡಿಯಲ್ಲಿ ಮುದುಕಿಯರಿಗೆ ಕ್ಷಮೆ ಕೇಳಿದ. ಅವರು ನಕ್ಕರು. ಮುದುಕಿಯ ಬೆರಳುಗಳಿಗೆ ಅಂಟಿದ್ದ ಊದುಬತ್ತಿಯ ಬೂದಿ ತನ್ನ ಕೆನ್ನೆಗೆ ಹತ್ತಿದೆಯೆಂದು ಅವಳಿಗೆ ಗೊತ್ತಿತ್ತು. ಒರೆಸಿಕೊಂಡರೆ ಮೇಡಂ ನೋಡುತ್ತಾರೆ. ಕದ್ದ ಒಡವೆ ಹಾಕಿಕೊಂಡು ಮದುವೆಮನೆಗೆ ಬಂದವಳು ಹೊಗಳಿಕೆ ಕೇಳುವ ಹಾಗೆ ಕೇಳಿಸಿಕೊಂಡಳು. ಕಲ್ಲಿನ ಮುಖ ಮಾತ್ರ ಅವಳನ್ನು ಹೊಗಳಲಿಲ್ಲ. ಆಸೆಯ ಬಗ್ಗೆ ಈ ಬುದ್ಧ ಹೇಳಿದ್ದನ್ನು ಶಾಲೆಯಲ್ಲಿ ಐದು ಅಂಕಕ್ಕೆ ಉರು ಹೊಡೆದು ಬರೆದು ಐದೂ ಗಿಟ್ಟಿಸಿದ್ದಳು. ನನಗೆ ಬೇಕು ಎಂದು ಮನಸ್ಸಿನಲ್ಲೇ ಅವನಿಗೆ ಹೇಳಿದಳು. ಬೇಡುವ ದನಿಯಲ್ಲಲ್ಲ. ಏನು ಮಾಡ್ತೀಯೋ ಮಾಡಿಕೋ ಎನ್ನುವ ದನಿಯಲ್ಲಿ. ಅರೆಮುಚ್ಚಿದ ಕಣ್ಣು ಅಲುಗಲಿಲ್ಲ. ಆ ಮೌನ ಒಪ್ಪಿಗೆಯೂ ಆಗಿರಲಿಲ್ಲ, ಬೈಗುಳವೂ ಆಗಿರಲಿಲ್ಲ. ಬಹಳ ದಿನಗಳ ಮೇಲೆ ಯಾರೋ ತನ್ನ ಮಾತನ್ನು ತಿದ್ದದೆ ಕೇಳಿಸಿಕೊಂಡಂತಾಯಿತು. ಆಮೇಲೆ ಅವಳಿಗೆ ಮಕ್ಕಳ ಸದ್ದಿಲ್ಲವೆಂಬುದು ಹೊಳೆಯಿತು.

ಚೀಲವೂ ಇರಲಿಲ್ಲ. ಅದು ಸಣ್ಣಿಯ ಚೀಲ. ಬರಲಿರುವವಳಿಗೆ ಮಕ್ಕಳೇ ಇಟ್ಟ ಹೆಸರು ಸಣ್ಣಿ. ಅದರಲ್ಲಿ ತಾನೇ ಹೊಲಿದ ಹಳದಿ ಫ್ರಾಕು, ಒಂದು ಜೊತೆ ಕಾಲುಚೀಲ, ಪಿಟೀಲು ಬಹಳ ಅತ್ತು ಬಿಟ್ಟುಕೊಟ್ಟ ಒಂದು ರಬ್ಬರ್ ಬಾತು ಇದ್ದವು. ಮಲಗುವಾಗಲೂ ಚೀಲ ಇಬ್ಬರ ನಡುವೆ ಇರುತ್ತಿತ್ತು. ಸಣ್ಣಿ ಹೇಗಿದ್ದಾಳೆ ಎಂದು ಅವರು ಕೇಳಿದಾಗಲೆಲ್ಲ, ನಾಲ್ಕು ವರ್ಷ, ಗಿಡ್ಡ ಕೂದಲು, ಪಾಪ ಯಾರೂ ಇಲ್ಲ, ಒಬ್ಬಳೇ ಎಂದಷ್ಟೇ ಹೇಳುತ್ತಿದ್ದಳು. ಕಚೇರಿ ಕಳಿಸಿದ್ದ ಫೋಟೋವನ್ನು ಅವಳು ಮಕ್ಕಳಿಗೆ ತೋರಿಸಿರಲಿಲ್ಲ. ತೆಳ್ಳನೆಯ ಕೊರಳ ಮೇಲೆ ಭಾರವಾದ ತಲೆ, ಒಂದು ರೆಪ್ಪೆ ಅರ್ಧಕ್ಕೆ ಇಳಿದ ಕಣ್ಣು, ನಗಿಸಲು ಯಾರೋ ಪ್ರಯತ್ನಪಟ್ಟು ಸೋತಂತಿದ್ದ ಬಾಯಿ. ಮಕ್ಕಳು ಬಾಯಿಗೆ ಬಂದದ್ದು ಅಂದಾರು ಎಂದು ಗಂಡನಿಗೆ ಕಾರಣ ಹೇಳಿದ್ದಳು. ಫೋಟೋದ ಜೊತೆ ಎತ್ತರ, ಎದೆಯ ಸುತ್ತಳತೆ, ತೂಕವೂ ಬಂದಿದ್ದವು. ಅದು ಎರಡು ವರ್ಷದ ಮಗುವಿನ ಅಳತೆಯೆಂದು ಅವಳಿಗೆ ಒಂದೇ ನೋಟಕ್ಕೆ ತಿಳಿದಿತ್ತು. ಬೇರೆ ಯಾರಿಗೆ ತಿಳಿಯದಿದ್ದರೂ ಅವಳಿಗೆ ತಿಳಿಯಬೇಕು. ಆದರೂ ಆ ರಾತ್ರಿ ಹಳದಿ ಬಟ್ಟೆ ಹಾಸಿದವಳ ಕೈ ನಾಲ್ಕು ವರ್ಷದ ರಟ್ಟನ್ನೇ ಎತ್ತಿಕೊಂಡಿತ್ತು. ತಪ್ಪಿ ಅಲ್ಲ.

ಪಕ್ಕದ ಬಾಗಿಲಿನಿಂದ ಹೊರಗೆ ಇಣುಕಿದಳು. ಹಿಂದಿನ ಅಂಗಳದಲ್ಲಿ, ನೀರಿನ ತೊಟ್ಟಿಯ ಕಟ್ಟೆಯ ಬಳಿಯ ನೆರಳಿನಲ್ಲಿ, ಮಕ್ಕಳಿಬ್ಬರ ನಡುವೆ ಒಂದು ಹುಡುಗಿ ಎರಡೂ ಕೈ ಮೇಲೆತ್ತಿ ನಿಂತಿತ್ತು. ಅದರ ಅಂಗಿಯ ಮೇಲೆಯೇ ವಕೀಲ ಫ್ರಾಕು ಇಳಿಸುತ್ತಿದ್ದ. ತಲೆ ಹೊರಬಂದಾಗ ಮೂವರೂ ನಕ್ಕರು. ಪಿಟೀಲು ಮಂಡಿಯೂರಿ ಕುಳಿತು, ಕಾಲುಚೀಲವನ್ನು ಅದರ ಧೂಳುಗಾಲಿಗೆ ಏರಿಸತೊಡಗಿದಳು. ರಬ್ಬರ್ ಬಾತು ಆಗಲೇ ಹುಡುಗಿಯ ಕಂಕುಳಲ್ಲಿತ್ತು. ಗಿಡ್ಡ ಕೂದಲು. ನಾಲ್ಕು ವರ್ಷ. ಒಬ್ಬಳೇ. ಏನಾಗುತ್ತಿದೆಯೆಂದು ಅವಳಿಗೆ ಆ ಕ್ಷಣವೇ ಅರ್ಥವಾಯಿತು. ಕೂಗಬೇಕಿತ್ತು. ಆದರೆ ಫ್ರಾಕಿನ ಭುಜದ ಹೊಲಿಗೆ ಭುಜದ ಮೂಳೆಯ ಮೇಲೇ ಕೂತಿತ್ತು, ನಡು ನಡುವಿನಲ್ಲೇ ನಿಂತಿತ್ತು, ಅಂಚು ಮಂಡಿಯ ಕೆಳಗೆ ಎಷ್ಟು ಬೀಳಬೇಕೋ ಅಷ್ಟೇ ಬಿದ್ದಿತ್ತು. ಇಷ್ಟು ವರ್ಷಗಳಲ್ಲಿ ತಾನು ಕತ್ತರಿಸಿದ್ದು ಒಂದು ಮೈಮೇಲೆ ಇಷ್ಟು ಸರಿಯಾಗಿ ಬಿದ್ದದ್ದನ್ನು ಅವಳು ಕಂಡಿರಲಿಲ್ಲ. ಗೋಡೆಯ ಮೊಳೆಯಿಂದ ಆ ಮಗು ಇಳಿದು ಬಂದಿತ್ತು. ಉಬ್ಬಿದ ಕೆನ್ನೆ, ಎರಡೂ ಕಣ್ಣು ಪೂರ್ತಿ ತೆರೆದಿವೆ. ಹುಡುಗಿ ಒಂದು ಸುತ್ತು ತಿರುಗಿತು, ಹಳದಿ ಅಂಚು ಗಾಳಿಗೆ ಅರಳಿತು. ಇದೇ ಆಗಿದ್ದರೆ ಎಂದು ಅವಳೊಳಗೆ ಯಾರೋ ಅಂದರು. ಯಾರೋ ಅಲ್ಲ. ಬಾಗಿಲ ಚೌಕಟ್ಟು ಹಿಡಿದು, ಕೂಗದೆ, ಉಸಿರಾಡದೆ, ನಾಚಿಕೆಗೆಟ್ಟ ಸಂತೋಷದಲ್ಲಿ ಅವಳು ನೋಡುತ್ತ ನಿಂತಳು. ಇದೇ ಆಗಿದ್ದರೆ ಕೆನ್ನೆ ನೋಯುವ ಹಾಗೆ ನಗಬೇಕಾಗಿರಲಿಲ್ಲ.

ಅಂಗಳದ ಆಚೆ ಬದಿಯಿಂದ ಹೆಂಗಸೊಬ್ಬಳು ನೀರಿನ ಬಾಟಲಿ ಹಿಡಿದು ಬಂದಳು. ಕಂಡಳು, ಬಾಟಲಿ ಬಿಟ್ಟು ಓಡಿದಳು. ವಕೀಲ ಹುಡುಗಿಯ ಕೈ ಹಿಡಿದು ಗುಡಿಯ ಕಡೆಗೆ ಹೊರಟಿದ್ದ. ಆ ತಾಯಿ ಮಗುವನ್ನು ಅವನ ಕೈಯಿಂದ ಕಿತ್ತುಕೊಂಡ ರಭಸಕ್ಕೆ ಅವನು ಕೂತುಬಿಟ್ಟ. ಆಮೇಲೆ ಎಲ್ಲ ಒಟ್ಟಿಗೇ ನಡೆಯಿತು. ಆ ಹೆಂಗಸು ಕೂಗುತ್ತಿದ್ದಳು, ಪಿಟೀಲಿನ ತಂತಿ ಮಿಡಿಯಿತು, ಗಂಡ ಓಡಿಬಂದು ತನಗೆ ಗೊತ್ತಿದ್ದ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ, ಮೇಡಂ ಕೊಡೆ ಮಡಚಿ ನಡುವೆ ನಿಂತು ವಿವರಿಸಿದರು. ಅಂಗಳ ಗುಡಿಸುತ್ತಿದ್ದ ಭಿಕ್ಷು ಪೊರಕೆ ನಿಲ್ಲಿಸಿ, ಯಾರ ಕಡೆಗೂ ಬಾರದೆ, ಸುಮ್ಮನೆ ನಿಂತ. ಅವಳು ಹೋಗಿ ಮಗನನ್ನು ಎಬ್ಬಿಸಿದಳು. "ನೀನೇ ಹೇಳಿದ್ದೆ," ಎಂದ ಅವನು, ತುಟಿ ನಡುಗುತ್ತಿದ್ದರೂ ವಾದ ಬಿಡದೆ. "ಯಾರೂ ಇಲ್ಲದ ಮಗು ಅಂತ. ಇವಳ ಹತ್ರ ಯಾರೂ ಇರ್ಲಿಲ್ಲ. ನಾವು ಎಲ್ಲಾ ಕಡೆ ನೋಡಿದ್ವಿ." ಅವಳು ಅವನ ಚಡ್ಡಿಯ ಧೂಳು ಕೊಡವಿದಳು.

ಆ ತಾಯಿ ಕೂಗುವುದನ್ನು ನಿಲ್ಲಿಸಿ, ಅವಳ ಮುಖಕ್ಕೆ ನೇರವಾಗಿ ಒಂದು ಮಾತು ಹೇಳಿದಳು. ಮೇಡಂ ಅದನ್ನು ದಾಟಿಸಲಿಲ್ಲ.

"ಏನಂದ್ರು?"

"ಬಿಡಿ. ಸಿಟ್ಟಲ್ಲಿದ್ದಾರೆ."

"ಏನಂದ್ರು ಹೇಳಿ ಮೇಡಂ."

"ಅಂಗಡೀಲಿ ಬಟ್ಟೆ ಆರಿಸೋ ಹಾಗೆ ಮಕ್ಕಳನ್ನ ಹಾಕಿ ನೋಡೋಕೆ ಬಂದಿದ್ದೀರಾ ಅಂದ್ರು."

ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು. ತಾನು ಬಾಗಿಲಲ್ಲಿ ನಿಂತಿದ್ದನ್ನು ಈ ಹೆಂಗಸು ನೋಡಿದ್ದಾಳೆಯೇ? ಇಲ್ಲ. ನೋಡದೆಯೇ ಅಂದಿದ್ದಾಳೆ. ಫ್ರಾಕು ಇಟ್ಟುಕೊಳ್ಳಲಿ, ಅವಳ ಮಗುವಿಗೆ ಸರಿಯಾಗಿದೆಯಲ್ಲ, ಹಾಗಂತ ಹೇಳಿ ಎಂದಳು ಮೇಡಂಗೆ. ಹೇಳಿದ ತಕ್ಷಣವೇ ಅದು ತಪ್ಪು ಮಾತೆಂದು ತಿಳಿದು ನಾಲಿಗೆ ಕಚ್ಚಿಕೊಂಡಳು. ಮೇಡಂ ಹೇಳಿದರು. ಆ ತಾಯಿ ನೆಲದ ಮೇಲೆ ಕೂತು, ಬಿಡಲೊಲ್ಲೆನೆಂದು ಕೊಸರಾಡುವ ಮಗುವಿನ ಮೈಯಿಂದ ಫ್ರಾಕನ್ನು ಬಿಚ್ಚಿದಳು. ಎಸೆಯಲಿಲ್ಲ. ಮೊಣಕಾಲ ಮೇಲೆ ಹರಡಿ, ತೋಳುಗಳನ್ನು ಒಳಗೆ ಮಡಚಿ, ಸುಕ್ಕು ಸವರಿ, ಅಂಗಡಿಯವರಿಗಿಂತ ಅಚ್ಚುಕಟ್ಟಾಗಿ ಮಡಿಸಿ ಅವಳ ಕೈಯಲ್ಲಿಟ್ಟಳು. ಕಾಲುಚೀಲವನ್ನೂ ಬಾತನ್ನೂ ಅದರ ಮೇಲಿಟ್ಟಳು. "ನನ್ನ ಮಗಳಿಗೆ ಬಟ್ಟೆ ಇದೆ, ಅಂದ್ರು," ಎಂದರು ಮೇಡಂ, ಕೇಳದೆಯೇ. ತಾಯಿ ಮಗುವನ್ನೆತ್ತಿಕೊಂಡು ಹೋದಳು. ಅದು ಹೆಗಲ ಮೇಲಿಂದ ಬಾತನ್ನೇ ನೋಡುತ್ತಿತ್ತು. ಭಿಕ್ಷು ಮತ್ತೆ ಗುಡಿಸತೊಡಗಿದ.

ಮೇಡಂ ಅವರ ಮೌನ ಒಳಗಿನ ಕಲ್ಲಿನ ಮೌನದಂತಿರಲಿಲ್ಲ. ಅದು ಲೆಕ್ಕ ಹಾಕುತ್ತಿತ್ತು. ಕೊನೆಗೆ ಫ್ರಾಕನ್ನು ಬೆರಳಿನಿಂದ ಮುಟ್ಟಿ, "ಇದು ಆ ಮಗುಗೆ ತುಂಬಾ ದೊಡ್ಡದಾಗುತ್ತಲ್ವಾ? ಅಳತೆ ಕಳಿಸಿದ್ವಲ್ಲ," ಎಂದರು.

"ಬಂದಿತ್ತು."

"ನೋಡಿರ್ಲಿಲ್ವಾ?"

"ನೋಡಿದ್ದೆ. ನಂಬ್ಲಿಲ್ಲ."

"ಮಕ್ಕಳಿಗೆ ಫೋಟೋನೂ ತೋರಿಸಿಲ್ಲ."

"ಇಲ್ಲ."

ಮೇಡಂ ನಿಟ್ಟುಸಿರುಬಿಟ್ಟರು. ಈ ಕೆಲಸದಲ್ಲಿ ತುಂಬಾ ಜನರನ್ನು ನೋಡಿದ್ದೇನೆ, ತಪ್ಪು ತಿಳಿಯಬೇಡಿ, ನೀವಿನ್ನೂ ತಯಾರಾಗಿಲ್ಲ ಅನ್ನಿಸುತ್ತದೆ ಎಂದರು. "ಎರಡು ತಿಂಗಳು ಬಿಟ್ಟು ಬನ್ನಿ. ಮಗು ಎಲ್ಲೂ ಹೋಗಲ್ಲ." ಎಲ್ಲೂ ಹೋಗಲ್ಲ ಎಂಬ ಮಾತನ್ನು ಅವಳು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡಳು. ಅದೇ ಅಲ್ಲವೇ, ಎಲ್ಲೂ ಹೋಗದ ಮಗು. ಗಂಡ ಆಗಲೇ ತಲೆಯಾಡಿಸುತ್ತಿದ್ದ. "ನೀವು ಹೇಳೋದು ಸರಿ ಮೇಡಂ. ನಮ್ಮದೇ ತಪ್ಪು. ನಿಮಗೂ ತೊಂದರೆ ಕೊಟ್ವಿ." ದೂರು ವಿಭಾಗದ ದನಿ. ಅವಳು ಅವನ ತೋಳು ಹಿಡಿದಳು. "ನೀವು ಸುಮ್ನಿರಿ," ಎಂದಳು. "ಇದು ನಿಮ್ಮ ಆಫೀಸಿನ ಕರೆಂಟಲ್ಲ, ಹೋಗಿ ಬರೋಕೆ." ಅವಳ ಕೆನ್ನೆಗಳು ಇಳಿದವು. ಅಷ್ಟು ದಿನದ ನಗು ಬಿಗಿಯಾದ ಲಾಡಿ ಬಿಚ್ಚಿದ ಹಾಗೆ ಬಿಚ್ಚಿಹೋಯಿತು. ಮುಖ ಈಗ ಹೇಗಿದೆಯೋ, ಇದ್ದ ಹಾಗೇ ಮೇಡಂ ನೋಡಲಿ ಎಂದುಕೊಂಡಳು.

"ನಾನು ಅಲ್ಲೇ ಇದ್ದೆ ಮೇಡಂ," ಎಂದಳು. "ಬಾಗಿಲಲ್ಲಿ. ಇವರು ಆ ಮಗುಗೆ ಫ್ರಾಕ್ ಹಾಕೋದನ್ನ ನೋಡ್ತಾ ನಿಂತಿದ್ದೆ. ಕರೀಲಿಲ್ಲ. ಇದೇ ನಮ್ಮದಾಗಿದ್ರೆ ಅಂತ ಅಂದ್ಕೊಂಡೆ."

ಮೇಡಂ ಅವಳನ್ನು ನೋಡಿದರು. "ಇದನ್ನ ನೀವು ನನ್ನ ಹತ್ರ ಹೇಳಬಾರದಿತ್ತು."

"ಯಾಕೆ? ಇವನು ಹುಟ್ಟಿದಾಗ," ಎಂದು ಮಗನ ತಲೆಯ ಮೇಲೆ ಕೈಯಿಟ್ಟಳು, "ಆಸ್ಪತ್ರೇಲಿ ಪಕ್ಕದ ತೊಟ್ಟಿಲಲ್ಲಿ ಒಂದು ಮಗು ಇತ್ತು. ಬೆಣ್ಣೆ ಹಾಗಿತ್ತು. ಅದನ್ನ ನೋಡಿ ಇವನನ್ನ ನೋಡಿದೆ. ಅದು ನಂದಾಗಿದ್ರೆ ಅಂತ ಅನ್ಸಿತು. ಒಂದು ಹಗಲೆಲ್ಲಾ ಹಾಗೇ ಅನ್ಸಿತು. ಯಾರೂ ಬಂದು ನೀನಿನ್ನೂ ತಯಾರಾಗಿಲ್ಲ, ಎರಡು ತಿಂಗಳು ಬಿಟ್ಟು ಬಾ ಅನ್ಲಿಲ್ಲ. ಕೈಗೆ ಕೊಟ್ಟು ಮನೆಗೆ ಕಳಿಸಿದ್ರು."

ಗಂಡ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದ. ಅವಳ ಕೈಯ ಕೆಳಗಿಂದ ವಕೀಲ ಕೇಳಿದ, "ನಾನು ಚೆನ್ನಾಗಿರ್ಲಿಲ್ವಾ?"

"ಇರ್ಲಿಲ್ಲ. ಹಿಂಡಿದ ಬಟ್ಟೆ ಹಾಗಿದ್ದೆ."

ಅವನು ಅದನ್ನು ಸ್ವಲ್ಪ ಹೊತ್ತು ತೂಗಿ ನೋಡಿದ. "ಇವಳು?"

"ಇವಳು ಹುಟ್ಟಿದ್ದೇ ಕಿರುಚ್ಕೊಂಡು. ಪಕ್ಕದ ತೊಟ್ಟಿಲು ನೋಡೋಕೆ ಪುರುಸೊತ್ತೇ ಕೊಡ್ಲಿಲ್ಲ." ಪಿಟೀಲು ಅಳು ನಿಲ್ಲಿಸಿ, ಅದು ಹೊಗಳಿಕೆಯೆಂದೇ ತಿಳಿದು, ಕಣ್ಣೊರೆಸಿಕೊಂಡಳು.

"ನಾನು ಒಳ್ಳೆಯವಳು ಅಂತ ಆ ಅಜ್ಜಿಯರಿಗೆ ಹೇಳಿದ್ರಲ್ಲ," ಎಂದಳು ಅವಳು ಮೇಡಂಗೆ. "ಅಲ್ಲ. ಯಾರಿಗೂ ಏನೂ ಕೊಡೋಕೆ ನಾನು ಬಂದಿಲ್ಲ. ನನಗೆ ಬೇಕು. ಆ ಫೋಟೋದಲ್ಲಿರೋಳೇ ಬೇಕು. ಆ ಕಣ್ಣು, ಆ ಕತ್ತು, ನೀವು ಕಳಿಸಿದ ಅಷ್ಟೇ ಅಳತೆ. ಇವತ್ತು ನನಗೆ ಬೇರೆ ಮಗು ಚೆನ್ನಾಗಿ ಕಾಣ್ತು. ನಾಳೇನೂ ಕಾಣಬಹುದು. ಅದಕ್ಕೆ ಅವಳ್ಯಾಕೆ ಎರಡು ತಿಂಗಳು ಕಾಯಬೇಕು?" ದನಿ ನಡುಗುತ್ತಿದೆಯೆಂದು ಅವಳಿಗೆ ಕೇಳಿಸಿತು. ನಡುಗಲಿ ಎಂದು ಬಿಟ್ಟಳು.

ಮೇಡಂ ಗುಡಿಯ ಗೋಡೆಯತ್ತ ತಿರುಗಿ ನಿಂತರು. ಕುತ್ತಿಗೆಯ ಬೆವರು ಒರೆಸಿಕೊಂಡರು. ಅವರಿಗೆ ಮಕ್ಕಳಿದ್ದಾರೆಯೇ ಎಂದು ಇಷ್ಟು ದಿನ ಕೇಳಿಯೇ ಇರಲಿಲ್ಲವೆಂದು ಅವಳಿಗೆ ಹೊಳೆಯಿತು. ಈಗ ಕೇಳುವಂತಿರಲಿಲ್ಲ. ಪೊರಕೆಯ ಸದ್ದು ಅಂಗಳದ ಒಂದು ತುದಿ ಮುಟ್ಟಿ ವಾಪಸು ಬರುತ್ತಿತ್ತು. ಕಾಯುವುದಾದರೆ ಇಲ್ಲೇ ಈ ಕಟ್ಟೆಯ ಮೇಲೆ ಕೂತು ಕಾಯುತ್ತೇನೆ, ಕೆಲಸ ಹೋದರೂ ಸರಿ, ವಾಪಸು ಹೋಗುವುದಿಲ್ಲ ಎಂದು ಅವಳು ನಿರ್ಧರಿಸಿ ಆಗಿತ್ತು.

"ನಾಳೆ ಬೆಳಿಗ್ಗೆ ತಯಾರಾಗಿರಿ," ಎಂದರು ಮೇಡಂ, ತಿರುಗದೆಯೇ. "ಆಫೀಸಲ್ಲಿ ನಾನು ಮಾತಾಡ್ತೀನಿ. ಇವತ್ತಿಂದೆಲ್ಲಾ ಅಲ್ಲಿ ಹೇಳೋಕೆ ಹೋಗಬೇಡಿ."

ಗಂಡ ಉಸಿರು ಬಿಟ್ಟು, ಅವರಿಗೆ ಕೈಮುಗಿಯಲು ಮುಂದಾದ. ಅವಳು ಕೈಮುಗಿಯಲಿಲ್ಲ.

"ಕೇಳಿದ್ರೆ ಹೇಳ್ತೀನಿ," ಎಂದಳು.

ಮೇಡಂ ಈಗ ತಿರುಗಿದರು. ಬೈಯುತ್ತಾರೆಂದು ಅವಳು ಎದುರುನೋಡಿದಳು. ಅವರು ಕೊಡೆ ಬಿಚ್ಚಿಕೊಂಡು ಮುಂದೆ ಹೊರಟರು. ಕಟ್ಟೆಯ ನೆರಳಿನಾಚೆ, ಬಿಸಿಲಿಗೆ, ಅಂಗಳದ ಚಪ್ಪಡಿ ಬರಿಗಾಲಿಗೆ ಕೆಂಡದಂತೆ ಕಾದಿತ್ತು. ಗಂಡ ಪಿಟೀಲನ್ನು ಎತ್ತಿಕೊಂಡು ತುದಿಗಾಲಲ್ಲಿ ಗುಡಿಯ ನೆರಳಿಗೆ ಓಡಿದ. ವಕೀಲ ಅವಳ ಕೈ ಜಗ್ಗುತ್ತ, "ಓಡಮ್ಮ, ಸುಡುತ್ತೆ," ಎಂದ. "ಸುಡುತ್ತೆ," ಎಂದು ಒಪ್ಪಿಕೊಂಡು, ಅವನನ್ನು ಸೊಂಟಕ್ಕೆ ಏರಿಸಿಕೊಂಡು, ಇಡೀ ಪಾದ ಊರಿ ಅವಳು ನಡೆದಳು.